ಬರ್ತೀನಿ ಅಂದರೆ ಕಾಕ್‌ಟೇಲ್ ಅಲ್ಲ

ನಮ್ಮ ಮೈಸೂರು ಕಡೆಯವರಿಗೆ ಯಾರದಾದರೂ ಮನೆಯಿಂದ ಹೊರಡುವುದೆಂದರೆ ಅದೇ ಒಂದು ಕಾರ್ಯಕ್ರಮ. ಒಳಗೆ ಕೂತು ಆಡಿದ್ದಕ್ಕಿಂತ ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿಲಲ್ಲಿ ಆಡುವ ಮಾತೇ ಜಾಸ್ತಿ. ಟೆಕ್ಸಸ್ಸಿಗೆ ಬಂದು ತಲೆ ನರೆತರೂ ನನಗೆ ಈ ಚಾಳಿ ಬಿಟ್ಟಿಲ್ಲ. ನಮ್ಮವರು, ಅಂದರೆ ನನ್ನ ಯಜಮಾನರು, ಕಾರು ಸ್ಟಾರ್ಟ್ ಮಾಡಿ, ಎಸಿ ಹಾಕಿ, ಕನ್ನಡಕ ಒರೆಸಿಕೊಂಡು, ಆಮೇಲೆ ಬೇಜಾರಾಗಿ ಒಮ್ಮೆ ಹಾರ್ನ್ ಹೊಡೆದ ಮೇಲೂ ನಾನು ಹೊಸ್ತಿಲ ಮೇಲೇ ಇರುತ್ತೇನೆ. ಅಷ್ಟೆಲ್ಲ ಆದಮೇಲೆ ಕೊನೆಗೆ ಬರುವ ಮಾತು ಯಾವುದೆಂದು ನಿಮಗೆ ನಾನು ಹೇಳಬೇಕೇ? "ಬರ್ತೀನಿ." ಹೊರಟಿರುವುದು ಹೋಗುವುದಕ್ಕೆ, ಬಾಯಲ್ಲಿ ಹೇಳುವುದು ಬರುವ ಮಾತು. "ಹೋಗ್ತೀನಿ" ಎಂದು ಯಾರಾದರೂ ಬಾಯಿತಪ್ಪಿ ಅಂದರೆ ನಮ್ಮಮ್ಮ "ಬಿಡ್ತು ಅನ್ನು!" ಎಂದು ಮೈಮೇಲೇ ಬೀಳುತ್ತಿದ್ದಳು.

ಮೊನ್ನೆ ಆಸ್ಟಿನ್ನಿನಲ್ಲಿ ಮಗಳು ಮೇಘನಾಳ ಮನೆಯಲ್ಲೂ ಇದೇ ನಡೆದಿತ್ತು. ಭಾನುವಾರದ ಊಟಕ್ಕೆ ಅವಳ ಆಫೀಸಿನ ನಾಲ್ಕಾರು ಜನ ಬಂದಿದ್ದರು. ಬಿಸಿಬೇಳೆಬಾತ್ ಖಾಲಿಯಾಗಿ, ಬೂಂದಿ ಮಾತ್ರ ಉಳಿದಿತ್ತು. ನಾವು ಡಲ್ಲಾಸ್ ಹತ್ತಿರದ ನಮ್ಮೂರು ಅಲೆನ್‌ಗೆ ವಾಪಸ್ ಡ್ರೈವ್ ಮಾಡಬೇಕಲ್ಲ, ಬಿಸಿಲಿರುವಾಗಲೇ ಹೊರಡೋಣವೆಂದು ನಾನು ಬಾಗಿಲಲ್ಲಿ ನಿಂತು, "ಬರ್ತೀನಿ ಕಣೇ, ಫ್ರಿಜ್‌ನಲ್ಲಿ ಹುಳಿ ಇದೆ, ಮರೀಬೇಡ. ಬರ್ತೀನಿ," ಎಂದೆ.

ಹಿಂದಿನಿಂದ ಯಾರೋ ತಟ್ಟೆ ಟಪ್ಪೆಂದು ಮೇಜಿನ ಮೇಲಿಟ್ಟ ಸದ್ದಾಯಿತು.

"ಏನಂದ್ರಿ? ಬಾರ್‌ಟೀನಿ ಅಂದ್ರಾ?"

ತಿರುಗಿ ನೋಡಿದರೆ ಗಡ್ಡದ ಹುಡುಗ. ಹುಡುಗ ಅಂದೆ, ನಲವತ್ತು ದಾಟಿರಬೇಕು. ನನ್ನ ವಯಸ್ಸಿಗೆ ಎಲ್ಲರೂ ಹುಡುಗರೇ. ಹೆಸರು ಕಾಲಿನ್. ಮೇಘನಾಳ ಟೀಮಿನವನು. ಕಣ್ಣು ಇಷ್ಟಗಲ ಮಾಡಿಕೊಂಡು, "ಮ್ಯಾಮ್, ಆ ಪದ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದ.

ಹೇಗೆ ಗೊತ್ತು ಅಂದರೆ ಏನು ಹೇಳುವುದು! ನಾನು ಹುಟ್ಟಿದಾಗಿನಿಂದ ಗೊತ್ತು. ಅಷ್ಟರಲ್ಲಿ ಅವನು ಒಂದೇ ಉಸಿರಿಗೆ ಕತೆ ಶುರುಮಾಡಿದ್ದ. ಅವನಿಗೆ ಹಳೆಯ ಹೋಮ್ ಕಂಪ್ಯೂಟರ್ ಗೇಮುಗಳ ಹುಚ್ಚಂತೆ. ಎಂಬತ್ತರ ದಶಕದ ಆರಂಭದಲ್ಲಿ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಒಂದು ಸಣ್ಣ ಕಂಪನಿ ಇತ್ತಂತೆ. ಗೇಮುಗಳನ್ನು ಕ್ಯಾಸೆಟ್ಟಿಗೆ ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರುತ್ತಿತ್ತಂತೆ. ಇವನು ಅದರ ಇತಿಹಾಸ ಬರೆಯುತ್ತಿದ್ದಾನಂತೆ. ಆ ಕಂಪನಿಯ ಹೆಸರಾಂತ ಗೇಮಿನಲ್ಲಿ, ಆಟ ನಿಲ್ಲಿಸಿ ಇನ್ನೊಂದು ದಿನ ಮುಂದುವರಿಸಬೇಕಾದರೆ 'ಬಾರ್‌ಟೀನಿ' ಎಂದು ಟೈಪ್ ಮಾಡಬೇಕಂತೆ. ಯಾಕೆ ಆ ಪದ ಎಂದು ಇಷ್ಟು ವರ್ಷವೂ ಜನ ತಲೆ ಕೆಡಿಸಿಕೊಂಡಿದ್ದಾರಂತೆ.

"ಬಾರ್ ಪ್ಲಸ್ ಮಾರ್ಟೀನಿ ಅನ್ನೋ ಕಾಕ್‌ಟೇಲ್, ಇದು ನಮ್ಮ ತೀರ್ಮಾನ," ಎಂದ ಕಾಲಿನ್. "ಬರೆದವರು ಕುಡಿಯೋಕೆ ಎದ್ದು ಹೋಗ್ತಿದ್ದಾಗ ಆಟ ನಿಲ್ಲಿಸ್ತಿದ್ದರು ಅಂತ. ಇನ್ನು ಕೆಲವರು ಇಟಲಿಯ ಯಾರದೋ ಹೆಸರು ಅಂತಾರೆ."

ಅಯ್ಯೋ ದೇವರೇ! ನಾನು ಹೊಟ್ಟೆ ಹಿಡಿದುಕೊಂಡು ಅಲ್ಲೇ ಶೂ ಬೆಂಚಿನ ಮೇಲೆ ಕೂತೆ. ನಕ್ಕು ನಕ್ಕು ಕಣ್ಣಲ್ಲಿ ನೀರು. ಏಕಾದಶಿಯ ದಿನ ಈರುಳ್ಳಿಯನ್ನೂ ಮುಟ್ಟದ ನಾನು ಅಮೆರಿಕದ ಕಣ್ಣಲ್ಲಿ ಇಷ್ಟು ವರ್ಷ ಕುಡುಕಿಯಾಗಿಬಿಟ್ಟಿದ್ದೆನಲ್ಲ!

"ಕಾಲಿನ್, ಅದನ್ನ ಬರೆದೋಳು ನಾನೇ ಕಣಪ್ಪಾ," ಎಂದೆ.

ಅವನು ತುಂಬ ಮರ್ಯಾದಸ್ಥ. ನಗಲಿಲ್ಲ. ಆದರೆ ಆ ಮುಖ ನನಗೆ ಗೊತ್ತು; ನಮ್ಮವರು ನಾನು "ದಾರಿ ನನಗೆ ಗೊತ್ತು" ಅಂದಾಗ ಮಾಡುವ ಮುಖ. "ಮ್ಯಾಮ್, ಹೀಗೆ ಈಗಾಗಲೇ ಕೆಲವರು ಹೇಳಿಕೊಂಡಿದ್ದಾರೆ. ಅದರಲ್ಲೊಬ್ಬರು ದಂತವೈದ್ಯರು," ಎಂದ. ಹ್ಯೂಸ್ಟನ್ನಿನಲ್ಲಿ ಮುಂದಿನ ಶನಿವಾರ ಹಳೆಯ ಕಂಪ್ಯೂಟರುಗಳ ಪ್ರದರ್ಶನ. ಅಲ್ಲಿ ಈ ಗೇಮಿಗೆ ಒಂದು ಫಲಕ ಹಾಕುತ್ತಿದ್ದಾರೆ. ಫೋನಿನಲ್ಲಿ ಅದರ ಚಿತ್ರ ತೋರಿಸಿದ. ಗೇಮಿನ ಹೆಸರು, ಕಂಪನಿಯ ಹೆಸರು, ಮಾಲೀಕನ ಹೆಸರು, ಅದರ ಕೆಳಗೆ, 'ಬರೆದವರು: ತಿಳಿದಿಲ್ಲ.'

ತಿಳಿದಿಲ್ಲ! ನಾನು ಇಲ್ಲೇ ಕೂತಿದ್ದೇನೆ, ಕೈಯಲ್ಲಿ ಬೂಂದಿ ಡಬ್ಬ ಹಿಡಿದುಕೊಂಡು! ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನಗೆ ರೋಷವೇ ಬಂತು. ಆ ಫಲಕದ ಮೇಲೆ ನನ್ನ ಹೆಸರು ಬರಬೇಕು, ಬಂದೇ ತೀರಬೇಕು ಎನ್ನಿಸಿತು. ಅಲ್ಲಿಯವರೆಗೆ ಆ ಗೇಮನ್ನು ನಾನು ವರ್ಷಕ್ಕೊಮ್ಮೆ ನೆನೆದದ್ದೂ ಇಲ್ಲ. ಆ ಕ್ಷಣದಿಂದ ಬೇರೆ ಏನೂ ನೆನಪಾಗಲಿಲ್ಲ. ಹೊರಗೆ ಹಾರ್ನ್ ಹೊಡೆದುಕೊಳ್ಳುತ್ತಲೇ ಇತ್ತು.

ಈಗ ನೀವೂ ಕೇಳುತ್ತೀರಿ, ಮೈಸೂರಿನಲ್ಲಿ ಬಿಎಸ್ಸಿ ಓದಿ ಮದುವೆಯಾಗಿ ಬಂದವಳು ಟೆಕ್ಸಸ್ಸಿನಲ್ಲಿ ಗೇಮ್ ಬರೆದದ್ದು ಹೇಗೆ ಎಂದು. ಅದು ಕಾಗುಣಿತದ ಕತೆ.

ನಮ್ಮವರು ಆಗ ಟೆಲಿಫೋನ್ ಸಲಕರಣೆಯ ಕಂಪನಿಯಲ್ಲಿ ಇಂಜಿನಿಯರು. ಉಮೇದಿನಿಂದ ಒಂದು ಹೋಮ್ ಕಂಪ್ಯೂಟರ್ ತಂದರು. ಟೀವಿಗೆ ಸಿಕ್ಕಿಸಬೇಕು, ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಡಬೇಕು. ಒಂದು ವಾರ ಅದರ ಮುಂದೆ ಕೂತರು, ಆಮೇಲೆ ಮೈಮುರಿದು ಟೀವಿಯಲ್ಲಿ ಫುಟ್‌ಬಾಲ್ ಹಾಕಿಕೊಂಡರು. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇದ್ದ ನನಗೆ ಅದೇ ಜೊತೆ. ಅದರ ಜೊತೆ ಬಂದ ಪುಸ್ತಕ ಓದಿಕೊಂಡು ಬೇಸಿಕ್ ಎನ್ನುವ ಕಂಪ್ಯೂಟರ್ ಭಾಷೆ ಕಲಿತೆ. ಅಂಗಡಿಯಿಂದ ಒಂದು ಗೇಮ್ ಕ್ಯಾಸೆಟ್ ತಂದು ಹಾಕಿದರೆ, ರಾಮ ರಾಮ, ಎಷ್ಟು ತಪ್ಪು ಸ್ಪೆಲಿಂಗು! ಅಡುಗೆಮನೆಗೆ, 'ಕಿಚನ್' ಎನ್ನುವುದಕ್ಕೆ, ಮೊದಲ ಅಕ್ಷರವೇ ಸಿ. ಚೀಲದ ಮೇಲೆ ಫೋನ್ ನಂಬರ್ ಇತ್ತು. ನಮ್ಮ ಇಂಗ್ಲಿಷ್ ಮೇಷ್ಟ್ರ ಆವೇಶ ಮೈಮೇಲೆ ಬಂದು ಫೋನ್ ತಿರುಗಿಸಿಯೇಬಿಟ್ಟೆ.

ಆ ಕಡೆಯಿಂದ ಒಬ್ಬ ಗಂಡಸು ನಾನು ತಪ್ಪುಗಳನ್ನು ಹೇಳುತ್ತಾ ಹೋದಷ್ಟೂ ಹೊತ್ತು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ, "ಮ್ಯಾಮ್, ನಿಮಗೆ ಕೆಲಸ ಬೇಕಾ?" ಎಂದ.

ಅವನೇ ಅರ್ಲ್. ಮೊದಲು ಈಜುಕೊಳದ ಪಂಪು ಮಾರುತ್ತಿದ್ದವನು, ಮುಂದೆ ಎಲ್ಲರ ಮನೆಯಲ್ಲೂ ಕಂಪ್ಯೂಟರ್ ಬರುತ್ತದೆ ಎಂದು ನಂಬಿ ಪಂಪು ಬಿಟ್ಟಿದ್ದ. ಆರಡಿ ಆಳು, ಬೂಟು, ತಲೆಯ ಮೇಲೆ ಬಿಳಿ ಕೌಬಾಯ್ ಹ್ಯಾಟು. ಎಲ್‌ಬಿಜೆ ಫ್ರೀವೇ ಪಕ್ಕದ ಆಫೀಸ್ ಪಾರ್ಕಿನ ಹಿಂಭಾಗದಲ್ಲಿ ಎರಡು ಕೋಣೆ, ಅದೇ ಕಂಪನಿ. ಒಂದರಲ್ಲಿ ಅರ್ಲ್ ಮತ್ತು ನಾನು. ಇನ್ನೊಂದರ ಗೋಡೆಯುದ್ದಕ್ಕೂ ಟೇಪ್‌ರೆಕಾರ್ಡರುಗಳು, ಒಂದು ಮಾಸ್ಟರ್ ಟೇಪಿನಿಂದ ಎಲ್ಲಕ್ಕೂ ಒಟ್ಟಿಗೆ ಕಾಪಿ ಆಗುತ್ತಿತ್ತು. ಕಾಪಿ ಆಗುವಾಗ ಮೈಕ್ರೋವೇವ್ ಹಾಕುವಂತಿಲ್ಲ, ಟೇಪಿನಲ್ಲಿ ಗೊರ್ ಎಂದು ಸದ್ದು ಸೇರಿಬಿಡುತ್ತದೆ ಎಂದು ಅರ್ಲ್ ಬೋರ್ಡು ಬರೆದು ಹಾಕಿದ್ದ. ಮೈಕ್ರೋವೇವ್ ಸ್ಪೆಲಿಂಗೂ ತಪ್ಪು. ಹಾಗಾಗಿ ನಾನು ತಣ್ಣಗಿನ ಸಾರನ್ನವನ್ನೇ ಉಂಡು ಕಂಪ್ಯೂಟರ್ ಯುಗಕ್ಕೆ ಸೇವೆ ಸಲ್ಲಿಸಿದೆ. ಕ್ಯಾಸೆಟ್ಟಿನ ಮೇಲೆ ಉದ್ದ ಕೊಂಬಿನ ಟೆಕ್ಸಸ್ ಹಸುವಿನ ಚಿತ್ರ. ಊರಿನಿಂದ ಬಂದಿದ್ದ ನಮ್ಮತ್ತೆ ಅದನ್ನು ನೋಡಿ, "ಸದ್ಯ, ಗೋವಿನ ಕಂಪನೀಲಿ ಸೇರಿದ್ದೀಯ," ಎಂದು ಸಮಾಧಾನಪಟ್ಟಿದ್ದರು.

ನನ್ನ ಹೆಸರು ವಿಜಯಲಕ್ಷ್ಮಿ. ಮೊದಲ ದಿನವೇ ಅರ್ಲ್ ಅದನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು, ತನ್ನ ಮೇಜಿನ ಎದುರು ಗೋಡೆಗೆ ಅಂಟಿಸಿ, ಹ್ಯಾಟು ಹಿಂದಕ್ಕೆ ಸರಿಸಿ ನೋಡಿ, "ಇದು ಹೆಸರಲ್ಲ, ಗೂಡ್ಸ್ ರೈಲು. ಹದಿನಾರು ಕೆ ಮೆಮೊರಿಯಲ್ಲಿ ಇದಕ್ಕೆ ಜಾಗ ಇಲ್ಲ," ಎಂದ. ಅಂದಿನಿಂದ ನಾನು ವೀಜೇ.

ಮೆಮೊರಿಯ ಬರ ನಿಮಗೆ ಹೇಗೆ ಹೇಳಲಿ? ಈಗ ಫೋನಿನಲ್ಲಿ ಕಳಿಸುವ ಒಂದು 'ಗುಡ್ ಮಾರ್ನಿಂಗ್' ಹೂವಿನ ಚಿತ್ರ ನಮ್ಮ ಇಡೀ ಗೇಮಿಗಿಂತ ಎಷ್ಟೋ ಪಟ್ಟು ದೊಡ್ಡದು. ನಾವು ಅಕ್ಷರ ಅಕ್ಷರಕ್ಕೂ ಜಗಳವಾಡುತ್ತಿದ್ದೆವು. ಗೇಮೂ ಅಷ್ಟೇ, ಚಿತ್ರವಿಲ್ಲ, ಬರೀ ಮಾತು. 'ನೀವು ದನ ಸಾಕುವ ರಾಂಚಿನ ಒಂದು ಹಳೆಯ ಮನೆಯ ಮುಂದೆ ನಿಂತಿದ್ದೀರಿ' ಎಂದು ತೆರೆಯ ಮೇಲೆ ಬರುತ್ತದೆ. ಬಾಗಿಲು ತೆಗೆ, ದೀಪ ಹಚ್ಚು ಎಂದು ನೀವು ಟೈಪ್ ಮಾಡಬೇಕು. ಮನೆಯ ನಕ್ಷೆ ಅರ್ಲ್‌ನದು. ಸ್ಪೆಲಿಂಗ್ ತಿದ್ದುತ್ತ ತಿದ್ದುತ್ತ ವಾಕ್ಯಗಳು ನನ್ನವಾದವು, ಆಮೇಲೆ ಒಗಟುಗಳೂ ನನ್ನವಾದವು, ಕೊನೆಗೆ ಇಡೀ ಪ್ರೋಗ್ರಾಮನ್ನು ನಾನೇ ಬರೆದೆ.

ಅದರಲ್ಲಿ ನನ್ನದೊಂದು ಕಿತಾಪತಿ ಕೇಳಿ. ಅಡುಗೆಮನೆಯ ಬಾಗಿಲು ಯಾರು ಏನು ಮಾಡಿದರೂ ತೆರೆಯುವುದಿಲ್ಲ. ಕೊಡಲಿಯಿಂದ ಹೊಡೆದರೂ ಇಲ್ಲ, ಬಂದೂಕು ಹಾರಿಸಿದರೂ ಇಲ್ಲ. ಜನ ಕಂಪನಿಗೆ ಫೋನ್ ಮಾಡಿ, "ಮ್ಯಾಮ್, ಒಂದು ವಾರದಿಂದ ಅಡುಗೆಮನೆ ಹೊರಗೇ ನಿಂತಿದ್ದೀನಿ," ಎಂದು ಗೋಳಾಡುತ್ತಿದ್ದರು. ನಾನು ಗಂಭೀರವಾಗಿ, "ಕಾಲಲ್ಲಿ ಏನಿದೆ ನೋಡ್ಕೊಳ್ಳಿ," ಎನ್ನುತ್ತಿದ್ದೆ. ಬೂಟು ಬಿಚ್ಚದೆ ಅಡುಗೆಮನೆಗೆ ಹೇಗಪ್ಪಾ ಬಿಡುವುದು? ಅರ್ಲ್ ತಲೆ ಚಚ್ಚಿಕೊಂಡಿದ್ದ. "ವೀಜೇ, ಟೆಕ್ಸಸ್ಸಿನ ಗಂಡಸು ಬೂಟು ಹಾಕಿಕೊಂಡೇ ಸಾಯ್ತಾನೆ!" "ಸಾಯಲಿ, ಆದ್ರೆ ನನ್ನ ಅಡುಗೆಮನೇಲಲ್ಲ," ಎಂದಿದ್ದೆ.

ಇನ್ನು ಬರ್ತೀನಿಗೆ ಬರೋಣ. ಆಟ ಬಿಟ್ಟು ಹೋಗುವವನು ಎಲ್ಲಿಯವರೆಗೆ ಬಂದಿದ್ದ ಎನ್ನುವುದನ್ನು ಟೇಪಿಗೆ ಸೇವ್ ಮಾಡಿಕೊಳ್ಳುವ ವ್ಯವಸ್ಥೆ ಮಾಡಿದ್ದೆ. ಅದಕ್ಕೊಂದು ಪದ ಬೇಕಿತ್ತು. ವಾಪಸ್ ಬರುವ ಮನಸ್ಸಿಟ್ಟುಕೊಂಡು ಹೊರಡುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಎಲ್ಲಿದೆ? ನಮ್ಮಲ್ಲಿದೆ. ಅರ್ಲ್ ಅದನ್ನು ಬಾಯಲ್ಲಿ ನಾಲ್ಕು ಸಲ ಹೊರಳಿಸಿ, "ಚೆನ್ನಾಗಿದೆ, ಚಿಕ್ಕದಾಗಿದೆ," ಎಂದು ಒಪ್ಪಿಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನನಗೆ ಸಮಾಧಾನವಾಗಲಿಲ್ಲ. ಯಾರಾದರೂ 'ಹೋಗ್ತೀನಿ' ಎಂದು ಟೈಪ್ ಮಾಡಿಬಿಟ್ಟರೆ? ಟೆಕ್ಸಸ್ಸಿನಲ್ಲಿ ಯಾರು ಮಾಡುತ್ತಾರೆ ಎಂದು ನೀವು ನಗುತ್ತೀರಿ, ಅರ್ಲ್ ಕೂಡ ನಕ್ಕ. ಆದರೆ ಒಂದು ಮನೆಯಲ್ಲಿ ಒಬ್ಬರು ಆ ಮಾತು ಅಂದರೆ ಇನ್ನೊಬ್ಬರು ತಿದ್ದಬೇಕೋ ಬೇಡವೋ? 'ಈ ಮನೆಯಲ್ಲಿ ಹಾಗೆ ಅನ್ನಬಾರದು, ಬರ್ತೀನಿ ಅನ್ನಿ' ಎಂದು ಯಂತ್ರ ಗದರಬೇಕು ಎಂದು ಬರೆದೆ. ಆ 'ಹೋಗ್ತೀನಿ' ಪದವನ್ನು ಮಾತ್ರ ನನ್ನ ಕೈಯಿಂದ ಟೈಪ್ ಮಾಡಲಿಲ್ಲ, ಅರ್ಲ್ ಕೈಯಲ್ಲೇ ಮಾಡಿಸಿದೆ. ಕೀಬೋರ್ಡಿನಲ್ಲಿ ಆದರೇನು, ಅಪಶಕುನ ಅಪಶಕುನವೇ.

ಅರ್ಲ್ ಅದನ್ನು ಓದಿ ಕುರ್ಚಿಯಿಂದ ಬೀಳುವಷ್ಟು ನಕ್ಕ. "ಹಾಗ್‌ಟೀನಿ! ಇದು ಹಂದಿಯ ನಾಲ್ಕೂ ಕಾಲು ಸೇರಿಸಿ ಕಟ್ಟೋ ಹಾಗ್‌ಟೈ ಅಲ್ವಾ!" ಎಂದ. ಆದರೆ ಕೊನೆಗೆ ಮೆಮೊರಿ ತುಂಬಿಹೋಯಿತು. ಒಂದೋ ನನ್ನ ಗದರಿಕೆ ಹೋಗಬೇಕು, ಇಲ್ಲ ಇನ್ನೇನಾದರೂ ಹೋಗಬೇಕು. ಗೇಮ್ ಶುರುವಾಗುವಾಗ ನಕ್ಷತ್ರ ಚಿಹ್ನೆಗಳಿಂದ ಬಿಡಿಸಿದ ಒಂದು ದೊಡ್ಡ ಕೌಬಾಯ್ ಹ್ಯಾಟ್ ಬರುತ್ತಿತ್ತು. ಅದೊಂದೇ ಅರ್ಲ್ ಸ್ವಂತ ಕೈಯಿಂದ ಮಾಡಿದ್ದು, ಪ್ರಾಣ ಅದರ ಮೇಲೆ, ಬಂದವರಿಗೆಲ್ಲ ತೋರಿಸುತ್ತಿದ್ದ. ಅದನ್ನು ತೆಗಿ ಎಂದು ಹೇಗೆ ಹೇಳುವುದು?

"ವೀಜೇ, ಆ ಸಾಲು ಹೋಗಬೇಕು. ಜಗತ್ತಿನಲ್ಲಿ ಒಬ್ಬನೂ ಅದನ್ನ ಟೈಪ್ ಮಾಡಲ್ಲ," ಎಂದ.

"ನನ್ನ ಹೆಸರಂತೂ ಹಾಕಲ್ಲ, ನನ್ನ ಮಾತನ್ನೂ ತೆಗೀತೀರಾ?" ಎಂದೆ. ನಿಜವಾಗಿಯೂ ಸಿಟ್ಟು ಬಂದಿತ್ತು. ಕ್ಯಾಸೆಟ್ಟಿನ ಮೇಲೆ ಬರೆದವರ ಹೆಸರು ಹಾಕುವ ಪದ್ಧತಿ ಆ ಕಂಪನಿಯಲ್ಲಿ ಇರಲಿಲ್ಲ. ಆ ವಾರವೇ ನಾನು ತಮ್ಮನ ಮದುವೆಗೆಂದು ಮೈಸೂರಿಗೆ ಹೊರಟೆ. ವಾಪಸ್ ಬರುವ ಹೊತ್ತಿಗೆ ಕ್ಯಾಸೆಟ್ಟುಗಳು ಅಂಗಡಿಗೆ ಹೋಗಿಯಾಗಿತ್ತು. ನನ್ನ ಸಾಲು ಉಳಿಯಿತೋ ಹೋಯಿತೋ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಾನೇ ಟೈಪ್ ಮಾಡಿ ನೋಡಬಹುದಿತ್ತು ಅನ್ನುತ್ತೀರಾ? ಮತ್ತೆ ಅದೇ ಮಾತು ಬಂತಲ್ಲ, ನಾನು ಟೈಪ್ ಮಾಡುವವಳಲ್ಲ! ಸಿಟ್ಟಿನಲ್ಲಿ ಆ ಕ್ಯಾಸೆಟ್ಟನ್ನು ಒಮ್ಮೆ ಹಾಕಿ ಕೂಡ ನೋಡಲಿಲ್ಲ. ಕೆಲವೇ ವರ್ಷಗಳಲ್ಲಿ ಇಂಥ ಸಣ್ಣ ಕಂಪನಿಗಳೆಲ್ಲ ಒಂದೊಂದಾಗಿ ಮುಚ್ಚಿದವು, ನಮ್ಮದೂ ಮುಚ್ಚಿತು. ನಾನು ಬ್ಯಾಂಕೊಂದರ ಕಂಪ್ಯೂಟರ್ ವಿಭಾಗ ಸೇರಿದೆ, ಅರ್ಲ್ ಹ್ಯೂಸ್ಟನ್ನಿಗೆ ಹೋಗಿ ಮತ್ತೆ ಪಂಪು ಮಾರತೊಡಗಿದ.

ಆ ಭಾನುವಾರ ಶೂ ಬೆಂಚಿನ ಮೇಲೆ ಕೂತು ಇಷ್ಟನ್ನೂ ಹೇಳಿದೆ. ಕಾಲಿನ್‌ಗೆ ಅರ್ಧ ನಂಬಿಕೆ ಬಂತು. ತಕ್ಷಣ ಲ್ಯಾಪ್‌ಟಾಪ್ ತೆಗೆದು, ಅದರಲ್ಲಿದ್ದ ಗೇಮ್ ಓಡಿಸಿ, ನಾನು ಹೇಳಿದ ಹಾಗೆ ಹಾಗ್‌ಟೀನಿ ಎಂದು ಟೈಪ್ ಮಾಡಿದ. 'ಈ ಪದ ನನಗೆ ಗೊತ್ತಿಲ್ಲ' ಎಂದಿತು ಯಂತ್ರ.

ನನ್ನ ಮುಖ ಸಪ್ಪಗಾಯಿತು. ಮೇಘನಾ ಬಂದು ಭುಜ ಹಿಡಿದು, "ಅಮ್ಮಾ, ಇಟ್ಸ್ ಓಕೆ," ಎಂದಳು. ಅದು ಇನ್ನೂ ಉರಿಯಿತು. ಆದರೆ ಕಾಲಿನ್ ಗಡ್ಡ ಕೆರೆದುಕೊಂಡು, "ಒಂದು ನಿಮಿಷ," ಎಂದ. "ಇದು ಆಮೇಲೆ ಬೇರೆ ಕಂಪನಿಯವರು ಕೊಂಡುಕೊಂಡು ತಿದ್ದಿದ ಆವೃತ್ತಿ. ಎಲ್ಲರ ಹತ್ತಿರ ಇರೋದು ಇದೇ. ಅರ್ಲ್ ಮಾಡಿದ ಮೂಲ ಕ್ಯಾಸೆಟ್ ಒಂದೇ ಒಂದು, ಲೂಯಿಸ್‌ವಿಲ್‌ನ ಒಂದು ಗರಾಜಿನಲ್ಲಿ ಸಿಕ್ಕಿದೆ. ಟೇಪು ತುಂಬ ಹಳೇದು, ಪದೇ ಪದೇ ಓಡಿಸೋ ಹಾಗಿಲ್ಲ. ಶನಿವಾರ ಹ್ಯೂಸ್ಟನ್ನಿನಲ್ಲಿ ಮೊದಲ ಸಲ ಹಾಕ್ತೀವಿ. ಬರ್ತೀರಾ?"

"ಬರ್ತೀನಿ!" ಎಂದೆ. ಈ ಸಲ ಅದರ ಅರ್ಥ ಅವನಿಗೂ ಗೊತ್ತಾಯಿತು.

ಆ ವಾರ ನಮ್ಮ ಮನೆಯಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಶನಿವಾರ ಹ್ಯೂಸ್ಟನ್ ದಾರಿಯುದ್ದಕ್ಕೂ ನಾನು ಸೀಟಿನ ತುದಿಯಲ್ಲೇ ಕೂತಿದ್ದೆ. "ವಿಜಯಾ, ಒರಗಿ ಕೂತ್ಕೊ. ನೀನು ಮುಂದೆ ಬಗ್ಗಿದ್ರೆ ಕಾರೇನೂ ಜೋರಾಗಿ ಹೋಗಲ್ಲ," ಎಂದರು ನಮ್ಮವರು.

ಪ್ರದರ್ಶನದ ಹಾಲಿಗೆ ಕಾಲಿಟ್ಟರೆ, ಏನು ಹೇಳಲಿ! ಎಲ್ಲಿ ನೋಡಿದರೂ ನನ್ನ ಯೌವನದ ಯಂತ್ರಗಳು, ಅದೇ ಬೂದು ಡಬ್ಬಗಳು, ಅದೇ ಕಿರ್‍ರ್ ಎನ್ನುವ ಟೇಪಿನ ಸದ್ದು. ಎಷ್ಟೋ ಜನರ ಎದೆಯ ಮೇಲೆ ಬಾರ್‌ಟೀನಿ ಎಂದು ದೊಡ್ಡ ಅಕ್ಷರದ ಟೀಶರ್ಟು, ಕೆಳಗೆ ಆಲಿವ್ ಹಣ್ಣು ಮುಳುಗಿಸಿದ ಕಾಕ್‌ಟೇಲ್ ಗ್ಲಾಸು. ನಮ್ಮಮ್ಮ ಇದ್ದಿದ್ದರೆ! ನಮ್ಮವರು ತಮ್ಮ ಅಳತೆಯದು ಒಂದನ್ನು ಕೊಂಡು ಅಲ್ಲೇ ಶರಟಿನ ಮೇಲೇ ತೊಟ್ಟುಕೊಂಡರು. ಅರ್ಲ್ ಬಗ್ಗೆ ಕಾಲಿನ್‌ನನ್ನು ಕೇಳಿದೆ. ತೀರಿಕೊಂಡು ಕೆಲವು ವರ್ಷಗಳಾದವಂತೆ, ಇದೇ ಊರಿನಲ್ಲಿ. ನನಗೆ ಗೊತ್ತೇ ಇರಲಿಲ್ಲ.

ಟೇಪ್ ಹಾಕಿದರು. ಜನ ಸುತ್ತುಗಟ್ಟಿದರು. ತೆರೆಯ ಮೇಲೆ ಗೇಮಿನ ಹೆಸರು ಬಂತು, ಕೆಳಗೆ ಅರ್ಲ್ ಹೆಸರೂ ಇಲ್ಲ, ಏನೂ ಇಲ್ಲ, ಬರೀ ಖಾಲಿ.

"ಅರೆ, ಹ್ಯಾಟ್ ಎಲ್ಲಿ?" ಎಂದ ಕಾಲಿನ್. ಹಳೆಯ ಜಾಹೀರಾತುಗಳಲ್ಲೆಲ್ಲ ಆ ನಕ್ಷತ್ರದ ಹ್ಯಾಟ್ ಇತ್ತಂತೆ. ಮೂಲ ಕ್ಯಾಸೆಟ್ಟಿನಲ್ಲಾದರೂ ಅದನ್ನು ನೋಡಬಹುದೆಂದು ಎಲ್ಲರೂ ಕಾದಿದ್ದರಂತೆ. ಸುತ್ತ ನಿಂತವರು ಛೆ ಛೆ ಎಂದರು. ನಾನಂತೂ ಆಸೆಯನ್ನೇ ಬಿಟ್ಟೆ. ಪ್ರಾಣದಂತಿದ್ದ ಹ್ಯಾಟನ್ನೇ ತೆಗೆದುಹಾಕಿದ್ದಾನೆ ಎಂದರೆ ಜಾಗ ಅಷ್ಟೂ ಇರಲಿಲ್ಲ ಎಂದಾಯಿತು. ಇನ್ನು ನನ್ನ ಒಂದು ಸಾಲನ್ನು ಉಳಿಸುತ್ತಾನೆಯೇ?

"ಮ್ಯಾಮ್, ನೀವೇ ಟೈಪ್ ಮಾಡಿ," ಎಂದು ಕಾಲಿನ್ ಕುರ್ಚಿ ಎಳೆದುಕೊಟ್ಟ.

ಕೂತೆ. ಬೆರಳು ಕೀಬೋರ್ಡಿನ ಮೇಲಿಟ್ಟೆ. ಉಹುಂ, ಆಗಲಿಲ್ಲ. ಸುತ್ತ ಅಷ್ಟು ಜನ ಕಾಯುತ್ತಿದ್ದಾರೆ, ನನ್ನ ಕೈ ಏಳುತ್ತಿಲ್ಲ. ನಮ್ಮವರ ಕಡೆ ತಿರುಗಿ, "ರೀ, ನೀವು ಒತ್ತಿ," ಎಂದೆ.

"ನಾನಾ? ಬೀಪಿ ಇರೋನು ನಾನು! ಇಲ್ಲಿಂದ ವಾಪಸ್ ಡ್ರೈವ್ ಬೇರೆ ಮಾಡ್ಬೇಕು! ಆ ಹುಡುಗನ ಕೈಲಿ ಒತ್ತಿಸು," ಎಂದು ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಕೊನೆಗೆ ಕಾಲಿನ್ನೇ ಬಗ್ಗಿ, ಒಂದೊಂದೇ ಅಕ್ಷರ ಒತ್ತಿದ. ಹಾಗ್‌ಟೀನಿ.

ತೆರೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಅಕ್ಷರಗಳು ಬಂದವು.

'ಈ ಮನೆಯಲ್ಲಿ ಹಾಗೆ ಅನ್ನಬಾರದು. ಬರ್ತೀನಿ ಅನ್ನಿ.'

ಹಾಲಿನಲ್ಲಿ ಎದ್ದ ಕೂಗನ್ನು ನೀವು ಕೇಳಬೇಕಿತ್ತು! ಕಾಕ್‌ಟೇಲ್ ಟೀಶರ್ಟಿನವರೆಲ್ಲ ಕುಣಿಯುತ್ತಿದ್ದರು. ನಮ್ಮವರು, ಜನ್ಮದಲ್ಲಿ ಯಾವತ್ತೂ ಎಲ್ಲರ ಮುಂದೆ ನನ್ನ ಕೈ ಹಿಡಿಯದವರು, ಗಟ್ಟಿಯಾಗಿ ಹಿಡಿದುಕೊಂಡರು. ಉಳಿಸಿದ್ದ! ಪುಣ್ಯಾತ್ಮ ನನ್ನ ಮಾತನ್ನು ಉಳಿಸಿದ್ದ! ತೆರೆಯ ಮೇಲೆ ಇನ್ನೂ ಏನೋ ಬರುತ್ತಿದೆ ಎಂದು ಕಾಲಿನ್ ಕೈಯೆತ್ತಿದ. ಅದರ ಕೆಳಗೆ, ನಾನು ಬರೆಯದ ಒಂದು ಸಾಲು, ಊರ ಶೆರಿಫ್ ಹೊರಡಿಸುವ ಪ್ರಕಟಣೆಯ ಧಾಟಿಯಲ್ಲಿ.

'ಇಂತಿ ಆಜ್ಞೆ, ವಿಜಯಲಕ್ಷ್ಮಿ.'

ವೀಜೇ ಅಲ್ಲ. ಇಡೀ ಗೂಡ್ಸ್ ರೈಲು, ಇಂಜಿನ್ನಿನಿಂದ ಗಾರ್ಡಿನ ಡಬ್ಬಿಯವರೆಗೆ. ಆ ಹ್ಯಾಟ್ ಎಲ್ಲಿ ಹೋಯಿತು ಎನ್ನುವುದು ಆಗ ನನಗೆ ತಿಳಿಯಿತು. ಒಬ್ಬನೂ ಟೈಪ್ ಮಾಡುವುದಿಲ್ಲ ಎಂದು ತಾನೇ ಹೇಳಿದ್ದ ಜಾಗದಲ್ಲಿ, ಟೈಪ್ ಮಾಡಲು ನನಗೆ ಕೈಯೇ ಬಾರದ ಮಾತಿನ ಹಿಂದೆ ಅವನು ನನ್ನ ಹೆಸರನ್ನು ಇಟ್ಟು ಹೋಗಿದ್ದ. ನಾನು ಎಲ್ಲರ ಎದುರಿಗೇ ಅತ್ತುಬಿಟ್ಟೆ.

ಕಾಲಿನ್ ಕೂಡ ಕಣ್ಣೊರೆಸಿಕೊಂಡು, ಫೋನ್ ತೆಗೆದು, "ಮ್ಯಾಮ್, ಇವತ್ತೇ ಫಲಕ ಬದಲಾಯಿಸ್ತೀವಿ. ನಿಮ್ಮ ಹೆಸರಿನ ಸ್ಪೆಲಿಂಗ್ ಹೇಳ್ತೀರಾ?" ಎಂದ.

"ಅದನ್ನೇ ನೋಡಿ ಬರ್ಕೊಳ್ಳಪ್ಪಾ," ಎಂದು ತೆರೆ ತೋರಿಸಿದೆ. ಹಾಗೆಂದರೂ ಹಳೆಯ ಅಭ್ಯಾಸ ಬಿಡಲಿಲ್ಲ. ಅಡುಗೆಮನೆಗೆ ಸಿ ಹಾಕಿದ ಮನುಷ್ಯ ಅಲ್ಲವೇ? ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಓದುತ್ತಾ ಹೋದೆ. ತಿದ್ದುವುದಕ್ಕೆ ಏನೂ ಇರಲಿಲ್ಲ.